ಒಡೆದ ಗಾಜು, ಒಡೆಯದ ಮೋಹ

ಗೃಹಸ್ಥನ ಧರ್ಮಪರೀಕ್ಷೆಯು ಬಸದಿಯಲ್ಲಿ ನಡೆಯುವುದಕ್ಕಿಂತ ಹೆಚ್ಚಾಗಿ ಅಡುಗೆಮನೆಯಲ್ಲಿ ನಡೆಯುತ್ತದೆ. ಬಸದಿಗೆ ಹೋಗುವಾಗ ಮನಸ್ಸು ಸಿದ್ಧವಾಗಿರುತ್ತದೆ. ಅಡುಗೆಮನೆಯಲ್ಲಿ ಅದು ಎಚ್ಚರ ತಪ್ಪಿರುತ್ತದೆ.

ಲಕ್ಕುಂಡಿಯ ಒಂದು ಶ್ರಾವಕರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದ ನೀರನ್ನು ತುಂಬಿಡಲು ಅಲ್ಲಿ ಒಂದು ಗಾಜಿನ ಜಗ್ಗು ಇದೆ. ಇಪ್ಪತ್ತು ವರ್ಷ ದಿನವೂ ಬಳಕೆಯಾದ ವಸ್ತು. ನೀರಿನಲ್ಲಿ ಕಸವೋ ಹುಳುವೋ ಬಿದ್ದರೆ ಹೊರಗಿನಿಂದಲೇ ಕಾಣುತ್ತದೆ. ನಿಂಬೆಯ ಪಾನಕ ತುಂಬಿದರೂ ಹಿತ್ತಾಳೆಯಂತೆ ಕಿಲುಬುವುದಿಲ್ಲ. ಒಂದು ದಿನ ಪಾತ್ರೆ ತೊಳೆಯುವಾಕೆಯ ಕೈಜಾರಿ ಅದು ಒಡೆಯುತ್ತದೆ. ಮನೆಯ ಹಿರಿಯಾಕೆಯ ಬಾಯಿಂದ ಕಟುಮಾತು ಹೊರಡುತ್ತದೆ. ತಿಂಗಳ ಸಂಬಳದಲ್ಲಿ ಅದರ ಬೆಲೆಯನ್ನು ಮುರಿದುಕೊಳ್ಳುವ ಮಾತೂ ಬರುತ್ತದೆ. ‘ಅಂಥದ್ದೇ ಬೇಕು’ ಎಂಬ ಹಟಕ್ಕೆ ಮಗನು ಸುಮಾರು 12 ಕಿ.ಮೀ. ದೂರದ ಗದಗಿಗೆ ಹೋಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾನೆ. ಅಂಥದ್ದು ಸಿಗುವುದಿಲ್ಲ. ಒಡೆದದ್ದು ಒಂದೇ ಜಗ್ಗು. ಆದರೆ ಅದರೊಡನೆ ಎಷ್ಟು ವ್ರತಗಳು ಬಿರುಕು ಬಿಟ್ಟವು ಎಂಬುದು ವಿಚಾರಾರ್ಹವಾಗಿದೆ.

ಮೊದಲನೆಯದು ಅಹಿಂಸೆ. ಪ್ರಮಾದದಿಂದ ಪ್ರಾಣಕ್ಕೆ ಘಾತವುಂಟುಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಜಗ್ಗಿಗೆ ಪ್ರಾಣವಿಲ್ಲ, ಬೈಗುಳ ಕೇಳಿದವಳಿಗೆ ಇದೆ. ಅಲ್ಲದೆ ಗಾಜಿನ ಸ್ವಭಾವವೂ ಇಲ್ಲಿ ಒಂದು ಪಾಠವನ್ನು ಹೇಳುತ್ತದೆ. ಗಾಜು ಲೋಹದಂತೆ ನಗ್ಗಿ ಪೆಟ್ಟನ್ನು ಸಹಿಸದು. ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಗೀರುಗಳಿಂದಲೇ ಬಿರುಕು ಹಬ್ಬುತ್ತದೆ. ಇಪ್ಪತ್ತು ವರ್ಷ ತಿಕ್ಕಿ ತೊಳೆದ ಪಾತ್ರೆಯಲ್ಲಿ ಅಂಥ ಗೀರುಗಳು ಅಸಂಖ್ಯ. ಅದನ್ನು ದುರ್ಬಲಗೊಳಿಸಿದ ಕೈಗಳು ಹಲವು. ಸಿಕ್ಕಿಬಿದ್ದದ್ದು ಕೊನೆಯ ಕೈ ಮಾತ್ರ. ಬೈದವರ ಕೈಯೂ ಅವುಗಳಲ್ಲಿ ಒಂದಾಗಿತ್ತು.

ಎರಡನೆಯದು ಅಚೌರ್ಯ. ಗಾಜಿನ ವ್ಯಾಪಾರಿಯು ಪೆಟ್ಟಿಗೆ ಬಿಚ್ಚುವ ಮೊದಲೇ ಕೆಲವು ಒಡೆದಿರಬಹುದೆಂದು ಎಣಿಸಿ ಬೆಲೆ ಕಟ್ಟುತ್ತಾನೆ. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಸಹಜ ನಷ್ಟವೆಂದು ಹೆಸರು. ದೀರ್ಘಕಾಲ ಬಳಸಿದ ವಸ್ತುವಿಗೆ ವರ್ಷವರ್ಷವೂ ಸವಕಳಿ ತೆಗೆಯುವುದೂ ಅದೇ ಶಾಸ್ತ್ರದ ನಿಯಮ. ಅಂಗಡಿಯಲ್ಲಿ ಈ ಎರಡನ್ನೂ ಒಪ್ಪುವ ಶ್ರಾವಕನು ಮನೆಯಲ್ಲಿ ಮರೆಯುವುದೇಕೆ? ಇಪ್ಪತ್ತು ವರ್ಷ ದುಡಿದ ಜಗ್ಗು ತನ್ನ ಬೆಲೆಯನ್ನು ಎಂದೋ ತೀರಿಸಿದೆ. ಬಡವಳ ಸಂಬಳದಿಂದ ಅದನ್ನು ಮತ್ತೆ ವಸೂಲು ಮಾಡುವುದು ಸಲ್ಲದ ಹಣವನ್ನು ಪಡೆದಂತೆ.

ಮೂರನೆಯದು ಚೂರುಗಳ ಪ್ರಶ್ನೆ. ಮುನಿಗಳ ಐದು ಸಮಿತಿಗಳಲ್ಲಿ ವಸ್ತುವನ್ನು ಎತ್ತಿಡುವಾಗಿನ ಎಚ್ಚರಕ್ಕೆ ಆದಾನ ನಿಕ್ಷೇಪಣ ಸಮಿತಿಯೆಂದೂ, ವಿಸರ್ಜಿಸುವಾಗಿನ ಎಚ್ಚರಕ್ಕೆ ಉತ್ಸರ್ಗ ಸಮಿತಿಯೆಂದೂ ಹೆಸರು. ಗೃಹಸ್ಥನು ಇವುಗಳ ನೆರಳನ್ನಾದರೂ ಅನುಸರಿಸಬಹುದು. ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂದು ಲಕ್ಕುಂಡಿಯನ್ನು ಜನ ಕರೆಯುತ್ತಾರೆ. ಹಾಳುಬಾವಿಗೋ ತಿಪ್ಪೆಗೋ ಎಸೆದ ಚೂರು ದನದ ಕಾಲಿಗೆ, ಮಗುವಿನ ಪಾದಕ್ಕೆ, ಕಸ ಆಯುವವರ ಬೆರಳಿಗೆ ಕಾದಿರುತ್ತದೆ. ಕೈಜಾರಿದ್ದು ಆಕಸ್ಮಿಕ, ಚೂರನ್ನು ಹಾಗೆ ಎಸೆದದ್ದು ಪ್ರಮಾದ. ದಪ್ಪ ಕಾಗದದಲ್ಲಿ ಸುತ್ತಿ, ಒಳಗೆ ಗಾಜಿದೆಯೆಂದು ಬರೆದು, ಬೇರೆಯಾಗಿ ಕೊಡುವುದಕ್ಕೆ ಎರಡು ನಿಮಿಷ ಸಾಕು.

ಕೊನೆಯದು ಅಪರಿಗ್ರಹ. ಹೊಸ ಜಗ್ಗನ್ನು ಕೊಳ್ಳಲೇಬಾರದೆಂದು ಕೆಲವರು ವಾದಿಸಬಹುದು. ಆದರೆ ಶ್ರಾವಕನಿಗೆ ವಿಧಿಸಿದ್ದು ಪರಿಗ್ರಹದ ಪರಿಮಾಣ, ಸರ್ವತ್ಯಾಗವಲ್ಲ. ಒಂದು ಹೋಗಿ ಒಂದು ಬಂದರೆ ಪರಿಮಾಣ ಹೆಚ್ಚುವುದಿಲ್ಲ. ಒಂದು ಒಡೆದ ನೆಪದಿಂದ ಆರನ್ನು ತಂದರೆ ಹೆಚ್ಚುತ್ತದೆ. ಮೂರ್ಛೆಯೇ ಪರಿಗ್ರಹವೆಂಬ ಉಮಾಸ್ವಾಮಿಗಳ ನಿರ್ಣಯದಂತೆ, ‘ಅಂಥದ್ದೇ ಬೇಕು’ ಎಂಬ ಹಟವು ಜಗ್ಗಿಲ್ಲದ ಮನೆಯಲ್ಲಿಯೂ ಪರಿಗ್ರಹವಾಗಿ ಉಳಿಯುತ್ತದೆ.

ಆಪ್ತಮೀಮಾಂಸೆಯಲ್ಲಿ ಸಮಂತಭದ್ರಾಚಾರ್ಯರು ಚಿನ್ನದ ಕೊಡದ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕೊಡವನ್ನು ಅಳಿಸಿ ಕಿರೀಟ ಮಾಡಿದಾಗ ಕೊಡ ಬೇಕೆಂದವನು ಅಳುತ್ತಾನೆ, ಕಿರೀಟ ಬೇಕೆಂದವನು ಹಿಗ್ಗುತ್ತಾನೆ, ಚಿನ್ನವನ್ನೇ ಬಯಸಿದವನು ಸಮಚಿತ್ತದಿಂದಿರುತ್ತಾನೆ. ಒಡೆದ ಗಾಜಿನಲ್ಲಿ ಚಿನ್ನವೆಲ್ಲಿದೆ ಎಂದು ಕೇಳಬಹುದು. ಸೋಸಿದ ನೀರನ್ನು ಶುದ್ಧವಾಗಿಟ್ಟು ಮನೆಯವರಿಗೂ ಅತಿಥಿಗೂ ಕೊಡುವ ಆಚಾರವೇ ಅಲ್ಲಿಯ ಚಿನ್ನ. ಅದು ಒಡೆದಿಲ್ಲ. ಬೇರೆ ಆಕಾರದ ಗಾಜಿನಲ್ಲಿ, ಅಥವಾ ಸ್ಟೀಲಿನ ತಂಬಿಗೆಯಲ್ಲಿಯೂ ಅದು ಮುಂದುವರಿಯುತ್ತದೆ.

ಈ ವಿವೇಕಕ್ಕೆ ಲಕ್ಕುಂಡಿಯಲ್ಲಿಯೇ ಸಾಕ್ಷಿಯಿದೆ. 1007ರ ಶಾಸನವು ಸ್ಮರಿಸುವ ಬ್ರಹ್ಮ ಜಿನಾಲಯದ ನಿರ್ಮಾತೃ, ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ತಾಳೆಗರಿಯೂ ಗಾಜಿನಂತೆ ನಶ್ವರವೇ. ಅದಕ್ಕೆ ಹುಳು ಹಿಡಿಯುತ್ತದೆ, ಅದು ಮುರಿಯುತ್ತದೆ. ಒಂದೇ ಗರಿಯಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಆಕೆ ಕಾಯುತ್ತ ಕುಳಿತಿದ್ದರೆ ಅದು ಮೋಹವಾಗುತ್ತಿತ್ತು. ಪ್ರತಿ ಮಾಡಿಸಿ ಕೊಟ್ಟದ್ದರಿಂದ ಅದು ಶಾಸ್ತ್ರದಾನವಾಯಿತು. ಗರಿಗಳು ಬದಲಾದವು, ಕಾವ್ಯವು ಉಳಿಯಿತು.

ಆದುದರಿಂದ ಪ್ರಿಯವಾದ ಪಾತ್ರೆ ಒಡೆದ ದಿನ ಶ್ರಾವಕರು ಮೊದಲು ಕೇಳಬೇಕಾದ ಮಾತು ‘ಕೈಗೆ ಏನಾದರೂ ಚುಚ್ಚಿತೇ?’ ಎಂಬುದು. ಚೂರುಗಳನ್ನು ಎಚ್ಚರದಿಂದ ತೆಗೆಯುವುದು ಎರಡನೆಯ ಕೆಲಸ. ಅಂಗಡಿಗೆ ಹೋಗುವುದು ಮೂರನೆಯದು. ಅದಕ್ಕೆ ನಾಳೆಯೂ ಸಮಯವಿದೆ.