ಹಿಸುಕಿದ ಹೂವಿನ ದುಃಖ ಯಾರದು?

ಶಾಲಾಪೂರ್ವ ಶಿಕ್ಷಣದಲ್ಲಿ ಜೇಡಿಮಣ್ಣು ಮತ್ತು ಕಲಸಿದ ಹಿಟ್ಟು ಹೊಸ ಸಾಧನಗಳೇನಲ್ಲ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಫ್ರೋಬೆಲ್ ಆರಂಭಿಸಿದ ಶಿಶುವಿಹಾರ ಪದ್ಧತಿಯಲ್ಲಿಯೇ ಮಣ್ಣಿನಲ್ಲಿ ಆಕೃತಿ ಮಾಡುವ ಕೆಲಸಕ್ಕೆ ಸ್ಥಾನವಿತ್ತು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಿಗೂ ಇಂಥ ಆಟಗಳು ಪರಿಚಿತ. ಬೆರಳುಗಳು ಬಲಿಯುತ್ತವೆ, ಕಣ್ಣು ಮತ್ತು ಕೈ ಹೊಂದಿಕೊಳ್ಳುತ್ತವೆ, ಮುಂದೆ ಬಳಪ ಹಿಡಿಯುವುದು ಸುಲಭವಾಗುತ್ತದೆ ಎಂಬ ಕಾರಣಗಳನ್ನು ಶಿಕ್ಷಣಶಾಸ್ತ್ರ ಮುಂದಿಡುತ್ತದೆ. ಅವೆಲ್ಲವೂ ಸರಿಯಾದರೂ ಈ ಆಟದೊಳಗೆ ಒಂದು ತಾತ್ವಿಕ ಪ್ರಶ್ನೆಯೂ ಅಡಗಿದೆ: ಮಗು ತಾನು ಮಾಡಿದ ಹೂವನ್ನು ಹಿಸುಕಿ ಅದೇ ಹಿಟ್ಟಿನಿಂದ ಹಕ್ಕಿಯನ್ನು ಮಾಡಿದಾಗ ಅಳಿದುದು ಯಾವುದು, ಉಳಿದುದು ಯಾವುದು?

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ವಸಂತದ ಆಟಕ್ಕೆ ವಸ್ತುವನ್ನು ದೂರ ಹುಡುಕಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ಗಳಲ್ಲಿ ಬೀಳುವ ಹೂಮಳೆಯಿಂದ, ಅಂದರೆ ಕಾಫಿಯ ಮೊಗ್ಗನ್ನು ಅರಳಿಸುವ ಬೇಸಿಗೆಯ ಮೊದಲ ಮಳೆಯಿಂದ, ಸುಮಾರು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ ಮತ್ತು ಎರಡು ಮೂರು ದಿನಗಳಲ್ಲೇ ಆ ಹೂವು ಬಾಡುತ್ತದೆ. ಎರಡು ಪಾಲು ಮೈದಾಕ್ಕೆ ಒಂದು ಪಾಲು ಉಪ್ಪು, ತುಸು ಎಣ್ಣೆ ಮತ್ತು ನೀರು ಸೇರಿಸಿ ನಾದಿದ ಕಣಕದಿಂದ ಮಗು ಐದು ಸಣ್ಣ ಉಂಡೆಗಳನ್ನು ಉರುಟಿ, ಹೆಬ್ಬೆರಳಿನಿಂದ ಒತ್ತಿ ಎಸಳುಗಳಾಗಿಸಿ, ಅವುಗಳನ್ನು ಕಡ್ಡಿಯ ಗೆಣ್ಣಿಗೆ ಅಂಟಿಸಿದರೆ ಕಾಫಿ ಹೂವಾಗುತ್ತದೆ; ಎಸಳುಗಳನ್ನು ಕಿತ್ತು, ಅದೇ ಹಿಟ್ಟಿಗೆ ಬೀಟ್‌ರೂಟ್ ರಸ ಬೆರೆಸಿ ಗುಂಡಗೆ ಮಾಡಿದರೆ ಹಣ್ಣಾಗುತ್ತದೆ. ಅರೇಬಿಕಾ ಗಿಡಕ್ಕೆ ಎಂಟೊಂಬತ್ತು ತಿಂಗಳು ಹಿಡಿಯುವ ಈ ಮಾರ್ಪಾಡು ಮಗುವಿನ ಕೈಯಲ್ಲಿ ಒಂದೇ ಬೆಳಗಿನಲ್ಲಿ ಮುಗಿಯುತ್ತದೆ.

ಈ ಮಾರ್ಪಾಡಿನ ಸ್ವರೂಪವನ್ನು ಕುರಿತು ಇದೇ ಜಿಲ್ಲೆಯ ಪರಿಸರದಲ್ಲಿ ನೆಲೆನಿಂತ ದರ್ಶನಗಳು ಬೇರೆಬೇರೆ ಉತ್ತರಗಳನ್ನು ಕೊಟ್ಟಿವೆ. ಶೃಂಗೇರಿಯ ಪೀಠ ಪ್ರತಿನಿಧಿಸುವ ಅದ್ವೈತವು ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಕೊಡುವ ಮಣ್ಣಿನ ಮುದ್ದೆಯ ದೃಷ್ಟಾಂತವನ್ನು ಆಧರಿಸಿ, ಆಕೃತಿಗಳು ಕೇವಲ ಹೆಸರಿನಿಂದ ಬೇರೆಯಾಗಿದ್ದು ಅವುಗಳ ಕಾರಣವಾದ ದ್ರವ್ಯವೊಂದೇ ಸತ್ಯವೆಂದು ಹೇಳುತ್ತದೆ. ಕಳಸದ ಬಳಿ ಭದ್ರೆಯ ಅಂಬುತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ನಂಬಲಾದ, ಶಾಸನವನ್ನೂ ಹೊತ್ತಿರುವ ದೊಡ್ಡ ಬಂಡೆಯಿದೆ. ಅವರ ದ್ವೈತವಾದರೋ ಭೇದವೇ ಸತ್ಯವೆಂದು, ಆದ್ದರಿಂದ ಬಾಳಿಕೆ ಅಲ್ಪವೆಂಬ ಮಾತ್ರಕ್ಕೆ ಹೂವು ಮಿಥ್ಯೆಯಾಗದೆಂದು ವಾದಿಸುತ್ತದೆ.

ಇವೆರಡಕ್ಕಿಂತ ಭಿನ್ನವಾದುದು ಜೈನರ ನಿಲುವು. ವಸಂತದ ಹೆಸರನ್ನೇ ಹೊತ್ತ ವಸಂತಿಕಾ ದೇವಿಯ ಗುಡಿಯೂ ಹಳೆಯ ಬಸದಿಗಳೂ ಒಂದೇ ಊರಿನಲ್ಲಿರುವ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಎಂದರೆ ಹೊಯ್ಸಳರ ಮೂಲನೆಲೆಯಾದ ಸೊಸೆವೂರು, ಈ ಸೀಮೆಯಲ್ಲಿ ಜೈನಧರ್ಮಕ್ಕಿದ್ದ ನೆಲೆಗೆ ಸಾಕ್ಷಿಯಾಗಿದೆ. ಜೈನದರ್ಶನದ ಪ್ರಕಾರ ಪ್ರತಿಯೊಂದು ವಸ್ತುವಿನಲ್ಲಿಯೂ ಹುಟ್ಟು, ಅಳಿವು, ಸ್ಥಿರತೆ ಎಂಬ ಮೂರೂ ಒಟ್ಟಿಗೇ ಇರುತ್ತವೆ. ಆಪ್ತಮೀಮಾಂಸೆಯಲ್ಲಿ ಸಮಂತಭದ್ರರು ಇದಕ್ಕೆ ಕೊಡುವ ನಿದರ್ಶನವು ಮನಸ್ಸಿನ ಕಡೆಗೂ ಬೆರಳು ತೋರಿಸುತ್ತದೆ: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಾಗಿದ್ದವನು ಸಮಚಿತ್ತನಾಗಿರುತ್ತಾನೆ.

ಹಿಟ್ಟಿನ ಮುಂದೆ ಕುಳಿತ ಮಗು ಈ ಮೂವರಲ್ಲಿ ಯಾರು? ಅದು ತನ್ನ ಹೂವನ್ನು ತಾನೇ ನಗುತ್ತ ಹಿಸುಕುವುದರಿಂದ ಹೂವಿನ ಅರ್ಥಿಯಲ್ಲ, ಅಂದರೆ ಹೂವನ್ನೇ ಬಯಸಿದವನಲ್ಲ. ಮಾಡಿದ ಹಕ್ಕಿಯನ್ನೂ ಮರುಗಳಿಗೆಯಲ್ಲಿ ಮುದ್ದೆಯಾಗಿಸುವುದರಿಂದ ಹಕ್ಕಿಯ ಅರ್ಥಿಯೂ ಅಲ್ಲ. ಅದರ ಮುಖದಲ್ಲಿ ಕಾಣುವ ಸಂಭ್ರಮವು ದ್ರವ್ಯವನ್ನಷ್ಟೇ ಬಯಸಿದವನ ತಟಸ್ಥತೆಯೂ ಅಲ್ಲ. ಅದು ಮಾಡುವ ಕ್ರಿಯೆಯನ್ನೇ ಬಯಸಿದ ನಾಲ್ಕನೆಯ ಅರ್ಥಿ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಪೂರ್ಣನಾದ ಈಶ್ವರನು ಯಾವ ಪ್ರಯೋಜನಕ್ಕಾಗಿ ಸೃಷ್ಟಿಸುತ್ತಾನೆಂಬ ಆಕ್ಷೇಪಕ್ಕೆ ಲೀಲೆ ಎಂಬ ಉತ್ತರವನ್ನು ಕೊಡುತ್ತದೆ. ಲೀಲೆಯೆಂದರೆ ಕೊರತೆಯನ್ನು ತುಂಬಿಕೊಳ್ಳಲೆಂದಲ್ಲದೆ ನಡೆಯುವ ಚಟುವಟಿಕೆ. ಮಗು ಈಶ್ವರನಂತೆ ಪೂರ್ಣವಲ್ಲವಾದರೂ ಫಲದ ಹಂಗಿಲ್ಲದ ಕ್ರಿಯೆಗೆ ಲೋಕದಲ್ಲಿ ಸಿಗುವ ನಿಕಟ ಉದಾಹರಣೆ ಅದರ ಆಟವೇ ಆಗಿದೆ.

ಪಕ್ಕದ ಮಗು ಬಂದು ಹೂವನ್ನು ಹಿಸುಕಿದರೆ ಇದೇ ಮಗು ಅಳುತ್ತದೆಯಲ್ಲ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಎರಡು ಸಂದರ್ಭಗಳಲ್ಲಿಯೂ ಅಳಿದುದು ಅದೇ ಹೂವು. ಆದರೆ ಎರಡನೆಯದರಲ್ಲಿ ಮಾಡುವ ಮತ್ತು ಮುರಿಯುವ ಸ್ವಾತಂತ್ರ್ಯ, ಅಂದರೆ ಕರ್ತೃತ್ವ, ಮಗುವಿನ ಕೈತಪ್ಪಿದೆ. ಆದಕಾರಣ ಆ ಅಳು ಆಕೃತಿಯ ಮೇಲಿನ ಮೋಹಕ್ಕಿಂತ ಹೆಚ್ಚಾಗಿ ಕರ್ತೃತ್ವಕ್ಕೆ ಬಿದ್ದ ಪೆಟ್ಟನ್ನು ಸೂಚಿಸುತ್ತದೆ. ಪೋಷಕರ ಸಭೆಗೆ ಎಲ್ಲ ಹೂಗಳೂ ಒಂದೇ ಅಚ್ಚಿನಲ್ಲಿ ಸಿದ್ಧವಾಗಿರಬೇಕೆಂದು ದೊಡ್ಡವರು ಮಗುವಿನ ಕೈಹಿಡಿದು ಎಸಳನ್ನು ತಿದ್ದುವಾಗಲೂ ಪೆಟ್ಟು ಬೀಳುವುದು ಅಲ್ಲಿಗೇ. ಪಕ್ಕದ ಮಗು ಮುರಿದು ಮಾಡಿದ್ದನ್ನು ಅವರು ಸರಿಪಡಿಸುವ ಹೆಸರಿನಲ್ಲಿ ಮಾಡುತ್ತಾರೆ. ಹಾಗಾಗಿ ಹೂವನ್ನು ಒಣಗಿಸಿ ಕಪಾಟಿನಲ್ಲಿಡಬೇಕೋ ಮರಳಿ ಕಣಕಕ್ಕೆ ಸೇರಿಸಬೇಕೋ ಎಂಬ ತೀರ್ಮಾನವನ್ನು ಅದನ್ನು ಮಾಡಿದ ಮಗುವಿಗೇ ಬಿಡುವುದು ಶಿಕ್ಷಕಿಯ ಸೌಜನ್ಯವಷ್ಟೇ ಅಲ್ಲ, ಕರ್ತವ್ಯ.