ಕಕ್ಷಿದಾರನಿಗೊಂದು ಲೆಕ್ಕ

ಕಾವೇರಿಗೆ 54 ಕೋಟಿ 13 ಲಕ್ಷ, ಕೃಷ್ಣೆಗೆ 43 ಕೋಟಿ 24 ಲಕ್ಷ, ಮಹದಾಯಿಗೆ 25 ಕೋಟಿ 38 ಲಕ್ಷ. ಮೂರು ನದಿಗಳ ವ್ಯಾಜ್ಯದಲ್ಲಿ ಕರ್ನಾಟಕದ ಪರ ನಿಂತ ವಕೀಲರಿಗೆ ನಮ್ಮ ಸರ್ಕಾರ ಕೊಟ್ಟ ಹಣ ಇದು. ಕೂಡಿಸಿದರೆ 122 ಕೋಟಿ 75 ಲಕ್ಷ ರೂಪಾಯಿ. ಈ ಅಂಕಿಗಳು ತಾವಾಗಿ ವಿಧಾನಸೌಧದ ಮೆಟ್ಟಿಲಿಳಿದು ಬರಲಿಲ್ಲ. ಬೆಳಗಾವಿ ಜಿಲ್ಲೆಯ ಮೂಡಲಗಿಯ ಮಾಹಿತಿ ಹಕ್ಕು ಕಾರ್ಯಕರ್ತ ಭೀಮಪ್ಪ ಗಡಾದ ಅವರು ಅರ್ಜಿ ಹಾಕಿ ಕೇಳಿದ್ದಕ್ಕೆ ಬಂದವು. ಕೇಳದಿದ್ದರೆ ಕಡತದಲ್ಲೇ ಉಳಿಯುತ್ತಿದ್ದವು.

ಮಹದಾಯಿಯ ಆ 25 ಕೋಟಿಯನ್ನು ಬೆಂಗಳೂರಿನಲ್ಲಿ ಕೂತು ಓದುವುದು ಬೇರೆ, ಸವದತ್ತಿ ತಾಲೂಕಿನ ಹೂಲಿಯಲ್ಲಿ ನಿಂತು ಓದುವುದು ಬೇರೆ. ಹೂಲಿಗೆ ಹತ್ತಿರದಲ್ಲೇ ನವಿಲುತೀರ್ಥ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಗೆ ಅಲ್ಲಿ ಎರಡು ಗುಡ್ಡಗಳ ನಡುವೆ ಅಣೆಕಟ್ಟು ಕಟ್ಟಿದ್ದಾರೆ. ಹೆಸರು ರೇಣುಕಾಸಾಗರ, ಸಾಮರ್ಥ್ಯ 37.73 ಟಿಎಂಸಿ. ಆ ಸಾಗರ ದಂಡೆ ಮುಟ್ಟಿ ತುಂಬಿದ ವರ್ಷಗಳು ಕಡಿಮೆ. ಮಹದಾಯಿ ಕೊಳ್ಳದ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಇತ್ತ ತಿರುಗಿಸಿ ಮಲಪ್ರಭೆಯ ಕೊರತೆ ನೀಗಿಸಬೇಕು ಎಂಬುದು ಈ ಸೀಮೆಯವರ ಬಹುಕಾಲದ ಬೇಡಿಕೆ. ಗೋವಾ ಒಪ್ಪಲಿಲ್ಲ. 2010ರ ನವೆಂಬರಿನಲ್ಲಿ ನ್ಯಾಯಮಂಡಳಿ ಆಯಿತು. 2016ರ ಜುಲೈನಲ್ಲಿ ನಮ್ಮ ಮಧ್ಯಂತರ ಅರ್ಜಿ ಬಿದ್ದುಹೋದಾಗ ನರಗುಂದ, ನವಲಗುಂದದ ಕಡೆ ರೈತರು ಬೀದಿಗಿಳಿದರು, ಲಾಠಿಯ ಪೆಟ್ಟು ತಿಂದರು. 2018ರ ಆಗಸ್ಟ್ 14ರಂದು ಐತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಹೇಳಿಕೊಂಡರೂ ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಕಳಸಾ, ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು ಸಿಕ್ಕಿದ್ದು 3.9 ಟಿಎಂಸಿ. ಅದೂ ಇನ್ನೂ ಹರಿದು ಬಂದಿಲ್ಲ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಸುಪ್ರೀಂ ಕೋರ್ಟಿಗೆ ಹೋದವು. ಯೋಜನಾ ವರದಿಗೆ ಕೇಂದ್ರ ಜಲ ಆಯೋಗ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟರೂ ಅರಣ್ಯ, ವನ್ಯಜೀವಿ ಅನುಮತಿಗಳ ಬಾಗಿಲಲ್ಲಿ ಕೆಲಸ ನಿಂತಿತು.

ಈ ದಾವೆಯ ಕಕ್ಷಿದಾರ ಯಾರು? ವಕಾಲತ್ತಿಗೆ ಸಹಿ ಹಾಕಿದ್ದು ಕರ್ನಾಟಕ ಸರ್ಕಾರ, ಅದು ಕಾನೂನಿನ ಮಾತು. ಆದರೆ ಸರ್ಕಾರಕ್ಕೆ ಬಾಯಾರಿಕೆ ಇಲ್ಲ, ಅದರ ಹೆಸರಿಗೆ ಹೊಲದ ಉತಾರವೂ ಇಲ್ಲ. ಸೋತರೆ ಒಣಗುವುದು ಹೂಲಿಯಂಥ ಊರುಗಳ ಜೋಳ, ಕಡಲೆ. ಕೊಟ್ಟ ಹಣವೂ ಆ ಊರುಗಳ ಜನ ಗೊಬ್ಬರ, ಡೀಸೆಲ್, ಸಾಬೂನು ಕೊಳ್ಳುವಾಗಲೆಲ್ಲ ತೆತ್ತ ತೆರಿಗೆ. ನಮ್ಮ ಕೂಡುಕುಟುಂಬಗಳಲ್ಲಿ ಬದುವಿನ ವ್ಯಾಜ್ಯ ಹತ್ತಿದಾಗ ಹಿರಿಯಣ್ಣ ಧಾರವಾಡಕ್ಕೆ ಓಡಾಡುತ್ತಾನೆ, ಉಳಿದವರು ಹೊಲ ನೋಡಿಕೊಳ್ಳುತ್ತಾರೆ. ಹಬ್ಬಕ್ಕೆ ಎಲ್ಲರೂ ಕೂಡಿದಾಗ ಆತ ವಕೀಲರಿಗಿಷ್ಟು, ಸ್ಟ್ಯಾಂಪಿಗಿಷ್ಟು, ಬಸ್ಸಿಗಿಷ್ಟು ಎಂದು ಒಪ್ಪಿಸುತ್ತಾನೆ. ತಮ್ಮಂದಿರು ಕೇಳಿದರು ಎಂದು ಅವನು ಸಿಟ್ಟಾದರೆ ಮನೆಯವರಿಗೆ ಅನುಮಾನ ಬರುವುದು ಲೆಕ್ಕದ ಮೇಲಲ್ಲ, ಅವನ ಮೇಲೆ. ಸರ್ಕಾರ ಇಲ್ಲಿ ಹಿರಿಯಣ್ಣನ ಜಾಗದಲ್ಲಿದೆ. ಲೆಕ್ಕ ಒಪ್ಪಿಸುವುದು ಅದು ತೋರುವ ಔದಾರ್ಯವಾಗಲಾರದು.

ಸರ್ಕಾರದ ಕಡೆಯಿಂದ ಒಂದು ಆಕ್ಷೇಪವಿದೆ, ಅದನ್ನು ಗೌರವದಿಂದಲೇ ಕೇಳಬೇಕು. ದಾವೆ ನಡೆಯುತ್ತಿರುವಾಗ ಎಲ್ಲವನ್ನೂ ಬಯಲಿಗಿಟ್ಟರೆ ಎದುರಾಳಿಗೆ ಅನುಕೂಲವಾಗುವುದಿಲ್ಲವೇ? ಆಗುತ್ತದೆ. ಯಾವ ಸಾಕ್ಷಿ ಮುಂದಿಡುತ್ತೇವೆ, ನಮ್ಮ ವಾದ ಎಲ್ಲಿ ಸಡಿಲ, ಯಾವ ಹಂತದಲ್ಲಿ ರಾಜಿಗೆ ಒಪ್ಪಬಹುದು ಎಂದು ವಕೀಲರು ಕೊಟ್ಟ ಸಲಹೆಯನ್ನು ಪಣಜಿಯವರು ಓದಬಾರದು. ಅದು ಗುಟ್ಟಾಗಿರಲಿ. ಆದರೆ ಆ ಸಲಹೆಗೆ ತೆತ್ತ ಹಣದ ಮೊತ್ತ ಗೋವಾಕ್ಕೆ ಗೊತ್ತಾದರೆ ನಮ್ಮ ಒಂದು ಹನಿ ನೀರೂ ಕಡಿಮೆಯಾಗದು. ಇದಕ್ಕೆ ನಮ್ಮ ಜಿಲ್ಲೆಯದೇ ನಿದರ್ಶನವಿದೆ. ಬೆಳಗಾವಿ ತನಗೆ ಸೇರಬೇಕೆಂದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಮೂಲ ದಾವೆಗೆ ಕರ್ನಾಟಕ ವಕೀಲರ ತಂಡ ಕಟ್ಟಿತಲ್ಲ, 2023ರ ಜನವರಿ 18ರ ಸರ್ಕಾರಿ ಆದೇಶದಲ್ಲಿ ಆ ತಂಡದ ದರಗಳೆಲ್ಲ ಇದ್ದವು. ಮುಕುಲ್ ರೋಹಟಗಿ ಅವರಿಗೆ ಒಂದು ದಿನದ ಹಾಜರಾತಿಗೆ 22 ಲಕ್ಷ, ಸಮಾಲೋಚನೆಗೆ ದಿನಕ್ಕೆ ಐದೂವರೆ ಲಕ್ಷ. ಶ್ಯಾಮ್ ದಿವಾನ್ ಅವರಿಗೆ ಹಾಜರಾತಿಗೆ 6 ಲಕ್ಷ. ಇಡೀ ತಂಡಕ್ಕೆ ದಿನವೊಂದಕ್ಕೆ ಹತ್ತಿರ ಹತ್ತಿರ 60 ಲಕ್ಷ. ಇದು ಎಲ್ಲ ಪತ್ರಿಕೆಗಳಲ್ಲೂ ಬಂತು. ಹಾಗೆ ಬಂದದ್ದರಿಂದ ಮಹಾರಾಷ್ಟ್ರದ ವಾದಕ್ಕೆ ಒಂದು ಸಾಲೂ ಸೇರಲಿಲ್ಲ, ಬೆಳಗಾವಿ ಒಂದು ಅಂಗುಲವೂ ಅಲುಗಲಿಲ್ಲ.

ಆದರೂ ಅಂಕಿ ಕೈಗೆ ಸಿಕ್ಕ ಕೂಡಲೇ ನಾವು ಮಾಡುವ ಒಂದು ಅನ್ಯಾಯವಿದೆ. 'ಅಬ್ಬಾ, ಇಷ್ಟೊಂದೇ' ಎಂದು ವಕೀಲರನ್ನು ಬೈದು ಪತ್ರಿಕೆ ಮಡಚಿಡುತ್ತೇವೆ. ಕಾವೇರಿಯ 54 ಕೋಟಿಯನ್ನೇ ತೆಗೆದುಕೊಳ್ಳಿ. ಅದು ದಶಕಗಳ ವಾದಕ್ಕೆ, ನೂರಾರು ದಿನಗಳ ಕಲಾಪಕ್ಕೆ ಕೊಟ್ಟದ್ದು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚುವರಿ ನೀರು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಆ ನೀರಿನ ಎದುರು ಇಟ್ಟು ನೋಡಿದರೆ 54 ಕೋಟಿ ದುಬಾರಿ ಎಂದು ಹೇಳಲು ನನಗಂತೂ ಬಾಯಿ ಬಾರದು. ದಶಕಗಳ ಕಾಲ ಆ ತಂಡವನ್ನು ಮುನ್ನಡೆಸಿದ ಫಾಲಿ ನಾರಿಮನ್ 2016ರ ಸೆಪ್ಟೆಂಬರಿನಲ್ಲಿ, ನೀರು ಬಿಡಿ ಎಂಬ ಕೋರ್ಟಿನ ಆದೇಶವನ್ನು ರಾಜ್ಯ ಪಾಲಿಸದೆ ಇದ್ದಾಗ, ಕರ್ನಾಟಕದ ಪರ ವಾದಿಸಲು ನಿರಾಕರಿಸಿದರು. ಕಕ್ಷಿದಾರನಿಗೆ ಅಪ್ರಿಯವಾದುದನ್ನು ತುಂಬಿದ ಕೋರ್ಟಿನಲ್ಲಿ ಮಾಡಿ ತೋರಿಸುವ ಆ ನೈತಿಕತೆಯ ಬೆಲೆ ಯಾವ ಬಿಲ್ಲಿನಲ್ಲೂ ನಮೂದಾಗುವುದಿಲ್ಲ. ಆದ್ದರಿಂದ ಮೊತ್ತವನ್ನು ಮಾತ್ರ ಕೊಟ್ಟು ಕೈ ತೊಳೆದುಕೊಳ್ಳುವುದೂ ಸಾಲದು. ಎಷ್ಟು ದಿನದ ಕಲಾಪ, ಅದರಲ್ಲಿ ಎಷ್ಟು ದಿನ ಬರೀ ಮುಂದೂಡಿಕೆ, ಯಾವ ಕೆಲಸಕ್ಕೆ ಎಷ್ಟು, ಕೊನೆಗೆ ಸಿಕ್ಕಿದ್ದೇನು ಎಂಬುದು ಜೊತೆಗೇ ಇದ್ದರೆ ಆಗ ಅದು ಲೆಕ್ಕ.

ಇನ್ನೊಂದು ಬಗೆಯ ದಾವೆಗಳಿವೆ, ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಅವು. ಅಣೆಕಟ್ಟಿಗೆ, ಕಾಲುವೆಗೆ, ರಸ್ತೆಗೆ ಭೂಮಿ ಬಿಟ್ಟುಕೊಟ್ಟ ರೈತ ಪರಿಹಾರ ಸಾಲದೆಂದು ಕೋರ್ಟಿಗೆ ಹೋಗುತ್ತಾನೆ. ಕೆಳಗಿನ ಕೋರ್ಟು ಹೆಚ್ಚಿಸಿ ಕೊಡಿ ಎನ್ನುತ್ತದೆ. ಇಲಾಖೆ ಮೇಲ್ಮನವಿ ಹಾಕುತ್ತದೆ. ಅಲ್ಲಿ ಎರಡೂ ಕಡೆಯ ವಕೀಲರಿಗೆ ಹೋಗುವ ಹಣ ಒಂದೇ ಕಿಸೆಯದು: ರೈತ ತನ್ನ ವಕೀಲರಿಗೆ ಕೈಯಾರೆ ಕೊಡುತ್ತಾನೆ, ಎದುರು ವಕೀಲರಿಗೆ ತೆರಿಗೆಯ ಮೂಲಕ ಕೊಡುತ್ತಾನೆ. ವರ್ಷಗಳು ಉರುಳುತ್ತವೆ, ಬಡ್ಡಿ ಬೆಳೆಯುತ್ತದೆ, ಕೊನೆಗೆ ಸೋತ ಇಲಾಖೆ ಬಡ್ಡಿಸಮೇತ ಕಟ್ಟುತ್ತದೆ. ಮೇಲ್ಮನವಿಗೆ ಸಹಿ ಹಾಕಿದ ಅಧಿಕಾರಿ ಅಷ್ಟರಲ್ಲಿ ವರ್ಗವಾಗಿ ಹೋಗಿರುತ್ತಾರೆ. ನೆರೆ ರಾಜ್ಯದೊಂದಿಗಿನ ವ್ಯಾಜ್ಯದ ಖರ್ಚಿಗೆ ಅಭಿಮಾನದ ಸಮರ್ಥನೆಯಾದರೂ ಉಂಟು. ತನ್ನದೇ ರೈತನ ವಿರುದ್ಧ ಮಾಡಿದ ಖರ್ಚನ್ನು ಆ ರೈತನಿಂದಲೇ ಮುಚ್ಚಿಡಲು ಯಾವ ಸಮರ್ಥನೆ ಇದೆ?

ಹೂಲಿ ಬರೆದಿಡುವುದನ್ನು ಬಲ್ಲ ಊರು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಪೂಲಿ ಎಂಬ ಅಗ್ರಹಾರ, ಸಾಸಿರ ಮಹಾಜನರ ಊರು. ಪಂಚಲಿಂಗೇಶ್ವರ ಗುಡಿಯೂ ಸುತ್ತಲಿನ ಗುಡಿಗಳೂ ಆ ಕಾಲವನ್ನು ಇಂದಿಗೂ ಹೊತ್ತು ನಿಂತಿವೆ. ಇಲ್ಲಿಯ ಶಾಸನಗಳನ್ನು ವಿದ್ವಾಂಸ ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಅಂಥ ದಾನಶಾಸನಗಳ ಕ್ರಮ ನೋಡಿ: ಮೇಲೆ ಸೂರ್ಯ, ಚಂದ್ರ, ಕೆಳಗೆ ಯಾರು ಕೊಟ್ಟರು, ಯಾರ ಕೈಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ಎಲ್ಲೆ ಯಾವುದು, ಉತ್ಪನ್ನ ಯಾವ ಕೆಲಸಕ್ಕೆ, ಕಾಯಬೇಕಾದವರು ಯಾರು. ದಾರಿಹೋಕನೂ ಓದಬಹುದಾದ ಜಾಗದಲ್ಲಿ ಕಲ್ಲು ನಿಲ್ಲಿಸಿದರು. ಅಭಿಮಾನಪಡುವ ಸಂಗತಿಯೇ ಸರಿ. ಆದರೆ ಆ ಕಲ್ಲುಗಳು ಹೇಳುವುದು ಕೊಟ್ಟವರಿಗೆ ಹೇಳಿಕೊಳ್ಳಬೇಕು ಎನಿಸಿದ್ದನ್ನು. ದಾನಕ್ಕೆ ಕಲ್ಲು ಕೆತ್ತಿಸಿದ ಅರಸರು ಸೋತ ಯುದ್ಧದ ಖರ್ಚಿಗೆ ಕೆತ್ತಿಸಲಿಲ್ಲ. ಉದ್ಘಾಟನೆಯ ಫಲಕಗಳಲ್ಲಿ ಮಂತ್ರಿಗಳ ಹೆಸರಿನ ಕೆಳಗೆ ಕಾಮಗಾರಿಯ ಮೊತ್ತ ಬರೆಸುವುದು ಇಂದಿಗೂ ನಮಗೆ ಕಷ್ಟವಲ್ಲ. ತೋರಿಸಲು ಮನಸ್ಸಿಲ್ಲದ್ದನ್ನು ಕೇಳುವ ಹಕ್ಕು ಜನರ ಕೈಗೆ ಬಂದದ್ದು ಮಾತ್ರ ತೀರ ಈಚೆಗೆ, 2005ರ ಅಕ್ಟೋಬರ್ 12ರಂದು ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದಾಗ.

ಆ ಹಕ್ಕಿನ ಹಾದಿ ಸಲೀಸಾಗಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕುತ್ತೀರಿ. ಕರ್ನಾಟಕದ ನಿಯಮದ ಪ್ರಕಾರ ಒಂದೇ ವಿಷಯ, 150 ಪದಗಳ ಮಿತಿ. ಕಾನೂನು ಇಲಾಖೆಗೆ ಹಾಕಿದರೆ ಅವರು 6(3)ನೇ ಕಲಮಿನಡಿ ಜಲಸಂಪನ್ಮೂಲ ಇಲಾಖೆಗೆ ವರ್ಗಾಯಿಸುತ್ತಾರೆ, ಅವರು ನೀರಾವರಿ ನಿಗಮದತ್ತ ಕೈ ತೋರಿಸುತ್ತಾರೆ. ಮೂವತ್ತು ದಿನದೊಳಗೆ ಬರಬೇಕಾದ ಉತ್ತರದ ಬದಲು 'ಕ್ರೋಢೀಕೃತ ಮಾಹಿತಿ ಲಭ್ಯವಿಲ್ಲ' ಎಂಬ ಹಿಂಬರಹ ಬರುತ್ತದೆ. ಕೋಟಿಗಟ್ಟಲೆ ಹಣ ಪಾವತಿ ಮಾಡಿದ ಕಚೇರಿಗೆ ಅದರ ಮೊತ್ತ ಗೊತ್ತಿಲ್ಲವೆಂದರೆ, ಮುಚ್ಚಿಟ್ಟದ್ದಕ್ಕಿಂತ ಅದು ಹೆಚ್ಚು ಕಳವಳದ ಮಾತು. ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಮಾಹಿತಿ ಆಯೋಗದ ಬೆಳಗಾವಿ ಪೀಠದಲ್ಲಿ ಸರದಿ. ಬೆದರಿಸಿ ದುಡ್ಡು ಕೀಳಲು ಅರ್ಜಿ ಹಾಕುವವರೂ ಇದ್ದಾರೆ, ನಿಜ. ಅವರಿಂದಾಗಿ ನಿಜವಾಗಿ ಕೇಳುವವರೂ ಕಚೇರಿಗಳಲ್ಲಿ ಅನುಮಾನದ ಕಣ್ಣಿಗೆ ಬೀಳುತ್ತಾರೆ. ಈಗ ಹೊಸ ತೊಡಕೊಂದು ಸೇರಿದೆ. ವೈಯಕ್ತಿಕ ಮಾಹಿತಿಯ ವಿನಾಯಿತಿ ಕೊಡುವ 8(1)(ಜೆ) ಕಲಮಿನೊಳಗೇ ಸಾರ್ವಜನಿಕ ಹಿತವನ್ನು ತೂಗಿ ನೋಡುವ ಮಾತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಕಿತ್ತುಹಾಕಿತು. 2025ರ ನವೆಂಬರಿನಲ್ಲಿ ಆ ಬದಲಾವಣೆ ಜಾರಿಗೂ ಬಂತು. ವಕೀಲರ ಫೀ ಅವರ ವೈಯಕ್ತಿಕ ಮಾಹಿತಿ ಎಂದು ಹಿಂಬರಹ ಬರೆಯಲು ಇನ್ನು ಮುಂದೆ ಒಂದು ಸಾಲು ಸಾಕು. ಆದರೆ 8(2)ನೇ ಕಲಂ ಉಳಿದಿದೆ. ಸಾರ್ವಜನಿಕ ಹಿತ ಹಿರಿದಾಗಿದ್ದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎನ್ನುವ ಆ ಕಲಮನ್ನು ಅರ್ಜಿದಾರರು ಕಂಠಪಾಠ ಮಾಡಿಟ್ಟುಕೊಳ್ಳಬೇಕು.

ಅರ್ಜಿಯೇ ಬೇಡದಂತೆ ಮಾಡುವ ದಾರಿಯೂ ಅದೇ ಕಾಯ್ದೆಯಲ್ಲಿದೆ. ನಾಲ್ಕನೇ ಕಲಂ ಪ್ರಕಾರ ಪ್ರತಿ ಪ್ರಾಧಿಕಾರ ತನ್ನ ಆಯವ್ಯಯ, ಹಣ ಬಟವಾಡೆಯ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ದಾವೆಯ ಸಂಖ್ಯೆ, ವಕೀಲರ ಹೆಸರು, ಹಾಜರಾದ ದಿನ, ಕೊಟ್ಟ ಹಣ ಎಂಬ ನಾಲ್ಕು ಅಂಕಣಗಳ ಪಟ್ಟಿಯನ್ನು ನೀರಾವರಿ ನಿಗಮ ಮೂರು ತಿಂಗಳಿಗೊಮ್ಮೆ ಹಾಕಿದರೆ ಮೂಡಲಗಿಯಿಂದ ಯಾರೂ ಅಂಚೆಗೆ ಹೋಗಬೇಕಾಗಿಲ್ಲ.

ಹಾಗೆ ಹಾಕುವವರೆಗೆ ಕೇಳುತ್ತಲೇ ಇರಬೇಕಾಗುತ್ತದೆ. 150 ಪದಗಳು ಬೇಕಿಲ್ಲ, ಇಷ್ಟು ಸಾಕು: 'ಮಹದಾಯಿ ಐತೀರ್ಪು ಬಂದ 14-08-2018ರಿಂದ ಈ ದಿನದವರೆಗೆ, ಸುಪ್ರೀಂ ಕೋರ್ಟಿನಲ್ಲಿ ಮಹದಾಯಿ ಸಂಬಂಧದ ಎಲ್ಲ ಪ್ರಕರಣಗಳಿಗೆ ಕರ್ನಾಟಕ ಸರ್ಕಾರ ಮತ್ತು ಅದರ ನಿಗಮಗಳು ವಕೀಲರಿಗೆ ಪಾವತಿಸಿದ ಹಣ, ವಿಚಾರಣೆಗಳ ದಿನಾಂಕ, ಪ್ರತಿ ದಿನ ಹಾಜರಿದ್ದವರ ಹೆಸರು, ಆ ದಿನ ನಡೆದದ್ದು ವಾದವೋ ಮುಂದೂಡಿಕೆಯೋ ಎಂಬ ವಿವರ ಒದಗಿಸಿ.' ಕೆಳಗೆ ಮಲಪ್ರಭೆಯ ಸೀಮೆಯ ಒಬ್ಬರ ಸಹಿ, ಊರಿನ ಹೆಸರು, ಪಿನ್ ಕೋಡು.