ಕುಲಾಂತರಿ ವಿಜ್ಞಾನ ಮತ್ತು ಅಹಿಂಸಾಧರ್ಮ

ಸೇಲಂ ಜಿಲ್ಲೆಯ ಮೇಚೇರಿಯ ಹೆಸರನ್ನು ಹೊರನಾಡಿನವರು ಅರಿತಿರುವುದು ಅಲ್ಲಿಯ ಕುರಿಗಳಿಂದ. ತಿಳಿಕಂದು ಬಣ್ಣದ, ಉಣ್ಣೆಯಿಲ್ಲದ ಈ ತಳಿಯ ಚರ್ಮಕ್ಕೆ ಬಹಳ ಬೇಡಿಕೆ. 1978ರಲ್ಲಿ ಸಮೀಪದ ಪೊಟ್ಟನೇರಿಯಲ್ಲಿ ಕುರಿ ಸಂಶೋಧನಾ ಕೇಂದ್ರವೂ ಸ್ಥಾಪಿತವಾಯಿತು. ಒಳ್ಳೆಯ ಟಗರನ್ನು ಆಯ್ದು ತಳಿ ಬೆಳೆಸುವುದು ಕುರಿಗಾಹಿಗಳ ಹಳೆಯ ವಿದ್ಯೆ. ಇಂದಿನ ವಿಜ್ಞಾನವಾದರೋ ಜೀವಕೋಶದೊಳಗಿನ ವಂಶವಾಹಿಯನ್ನೇ ಕತ್ತರಿಸಿ ಜೋಡಿಸಬಲ್ಲದು. ಶ್ರಾವಕನು ಇದನ್ನು ಹೇಗೆ ಕಾಣಬೇಕು?

ಮೊದಲು ಉಪಕಾರವನ್ನು ಸ್ಮರಿಸುವುದು ನ್ಯಾಯ. 1920ರ ದಶಕದಿಂದ ಮಧುಮೇಹಿಗಳ ಪ್ರಾಣವುಳಿಸಿದ ಇನ್ಸುಲಿನ್ ಬರುತ್ತಿದ್ದುದು ಕೊಂದ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. ವ್ರತನಿಷ್ಠರಿಗೆ ಅದು ನಿತ್ಯದ ಧರ್ಮಸಂಕಟ. ಮಾನವ ವಂಶವಾಹಿಯನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ ತಯಾರಿಸಿದ ಇನ್ಸುಲಿನ್‌ಗೆ 1982ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟ್ ಮೂಲಕ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಗ್ರಂಥಿಯು ಕಸಾಯಿಖಾನೆಯ ಉಪೋತ್ಪನ್ನವಾದ್ದರಿಂದ ಇದರಿಂದ ಒಂದು ಹಂದಿಯೂ ಬದುಕಿರಲಾರದು ಎಂದು ಆಕ್ಷೇಪಿಸಬಹುದು. ಸೂಕ್ಷ್ಮಜೀವಿಗಳೂ ಜೀವಗಳೇ ಅಲ್ಲವೇ ಎಂದೂ ಕೇಳಬಹುದು. ಎರಡೂ ನಿಜ. ಆದರೆ ಜೈನಾಚಾರ್ಯರು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ವಿಂಗಡಿಸಿದ್ದಾರೆ. ಪಂಚೇಂದ್ರಿಯ ಜೀವಿಯ ವಧೆಯಲ್ಲಿ ರೋಗಿಗಿದ್ದ ಪಾಲು ಕಳಚಿತು, ಇದು ಅಲ್ಪವಲ್ಲ.

ಅದೇ ಅಳತೆಗೋಲನ್ನು ಹತ್ತಿಗೆ ಹಿಡಿದರೆ ಉತ್ತರ ಇಷ್ಟು ಸುಲಭವಲ್ಲ. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯಿದೆ. ಎಲೆ, ಕಾಯಿ ತಿಂದ ಕಾಯಿಕೊರಕ ಹುಳುವಿನ ಕರುಳು ಕೆಟ್ಟು ಅದು ಸಾಯುತ್ತದೆ. ರೈತನು ಕಾಯಿಕೊರಕಕ್ಕೆ ವಿಷ ಸಿಂಪಡಿಸುವುದು ಮೊದಮೊದಲು ಕಡಿಮೆಯಾಯಿತು. ಜೇನು ಮೊದಲಾದ ಬೇರೆ ತ್ರಸಜೀವಿಗಳಿಗೆ ಅಷ್ಟು ಅಭಯ ದೊರೆಯಿತು. ಆದರೆ ಕೊಲ್ಲುವ ಕೆಲಸ ಕೈಯಿಂದ ಬೀಜಕ್ಕೆ ಹೋಯಿತೆಂದ ಮಾತ್ರಕ್ಕೆ ಕರ್ತೃತ್ವ ಅಳಿಯುವುದೇ? ಬಿತ್ತಿದವನು ಕಾರಿತದಿಂದ, ಉಟ್ಟವನು ಅನುಮೋದನೆಯಿಂದ ಪೂರ್ತಿ ದೂರವಾಗಲಾರರು. ಮುಂದೆ ಗುಲಾಬಿ ಕಾಯಿಕೊರಕವು ಈ ವಿಷವನ್ನು ತಾಳುವ ಶಕ್ತಿ ಗಳಿಸಿತು, ಸಿಂಪಡಣೆ ಮರಳಿತು. ಬಿ.ಟಿ. ಬದನೆಯನ್ನು ಸರ್ಕಾರ 2010ರ ಫೆಬ್ರವರಿಯಲ್ಲಿ ತಡೆಹಿಡಿಯಿತು. ಬದನೆಯನ್ನು ಬಹುಬೀಜವೆಂದು ತ್ಯಜಿಸಿದ ಮನೆಗಳಿಗೆ ಇದು ದೂರದ ಮಾತೆನಿಸಬಹುದು. ಹತ್ತಿಯ ಬಟ್ಟೆ ಉಡದವರು ಮಾತ್ರ ದಿಗಂಬರ ಮುನಿಮಹಾರಾಜರ ಹೊರತು ವಿರಳ.

ಇನ್ನು ಮೇಚೇರಿಯ ಕುರಿ. ವಂಶವಾಹಿಯನ್ನು ತಿದ್ದಿ ಅದಕ್ಕೆ ರೋಗ ತಾಗದಂತೆ ಮಾಡಿದರೆ ಆ ಜೀವದ ನೋವು ತಗ್ಗೀತು. ಬೇಗ ಕೊಬ್ಬುವಂತೆ ಮಾಡಿದರೆ ಅದು ಕಟುಕನ ಬಾಗಿಲನ್ನು ಇನ್ನೂ ಬೇಗ ಸೇರೀತು. ಪ್ರಯೋಗಶಾಲೆಯ ಉಪಕರಣ ಎರಡಕ್ಕೂ ಒಂದೇ. ಕುರಿಯ ಪಾಲಿಗೆ ಮಾತ್ರ ಅವೆರಡೂ ಒಂದಲ್ಲ.